ರೋಗದ ಹೆಸರೂ ನೆರೆಯವನ ಹೆಸರೂ



ಮಂಗಳೂರಿನ ಅತ್ತಾವರವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ರೈಲಿನಿಂದಿಳಿದು ಸ್ವಲ್ಪ ದೂರ ನಡೆದರೆ ಅಲ್ಲಿಯ ದೊಡ್ಡ ಆಸ್ಪತ್ರೆಯು ಸಿಕ್ಕುವದು. ಅದರ ಬಾಗಿಲ ಬಳಿಯಲ್ಲಿ ಒಂದು ಗಳಿಗೆ ನಿಂತು ನೋಡಿರಿ. ಕಾಸರಗೋಡಿನಿಂದ ಬಂದ ಬ್ಯಾರಿ ಮುದುಕನೂ ಸುಳ್ಯದ ಗೌಡ ರೈತನೂ ಮೊಗವೀರ ಹೆಂಗಸೂ ಕೊರಗರ ಕೂಸೂ ನಮ್ಮ ಸಭೆಯ ವಿಧವೆಯೂ ಒಂದೇ ಬೆಂಚಿನ ಮೇಲೆ ಕೈಯಲ್ಲಿ ಚೀಟಿ ಹಿಡಿದು ಕೂತಿರುವರು. ಕರೆಯುವ ದಾದಿಯು ಯಾರ ಕುಲವನ್ನೂ ಕೇಳುವದಿಲ್ಲ. ಚೀಟಿಯ ಸಂಖ್ಯೆಯನ್ನು ಮಾತ್ರ ಕೂಗುವಳು. ನಮ್ಮ ಊರುಗಳಲ್ಲಿ ನೂರು ವರುಷಗಳ ಉಪದೇಶದಿಂದಲೂ ಒಂದೇ ಪಂಕ್ತಿಯಲ್ಲಿ ಕೂಡ್ರದವರನ್ನು ನೋವು ಒಂದೇ ಬೆಂಚಿನಲ್ಲಿ ಕೂಡ್ರಿಸಿತಲ್ಲಾ ಎಂದು ನಾವು ಅಲ್ಲಿ ಎಷ್ಟೋ ಸಾರಿ ಯೋಚಿಸಿದ್ದೇವೆ.

ಆದರೆ ಅದೇ ರೋಗವು ಊರೊಳಗೆ ಬಂದಾಗ ಏನು ಮಾಡುತ್ತದೆ? ಬೆಂಚಿನಲ್ಲಿ ಕೂಡಿಸಿದವರನ್ನು ಬಾವಿಕಟ್ಟೆಯಲ್ಲಿ ಅಗಲಿಸುತ್ತದೆ. ರೋಗವು ತಾನಾಗಿ ಹೀಗೆ ಮಾಡುತ್ತದೋ, ಅಥವಾ ರೋಗದ ವಿಷಯದಲ್ಲಿ ನಾವು ಆಡುವ ಮಾತೂ ನಾವು ಕಟ್ಟುವ ನಿಯಮವೂ ಹೀಗೆ ಮಾಡುತ್ತವೋ? ಜನರ ಪ್ರಾಣವನ್ನು ಕಾಯುವದಕ್ಕೆ ಅಧಿಕಾರಿಗಳು ಹೊರಡಿಸುವ ಪ್ರಕಟನೆಯು ನೆರೆಯವನ ಮೇಲೆ ದ್ವೇಷವನ್ನು ಹುಟ್ಟಿಸಿದರೆ ಆ ಪಾಪವು ಯಾರದು? ಈ ಪ್ರಶ್ನೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ. ಪರರನ್ನು ತೂಗುವದಕ್ಕೆ ಮುಂಚೆ ನಮ್ಮನ್ನು ತಕ್ಕಡಿಯಲ್ಲಿ ಇಡುವದು ನ್ಯಾಯವಾದ್ದರಿಂದ ನಮ್ಮ ಸ್ವಂತ ತಪ್ಪನ್ನು ಮೊದಲು ಹೇಳುತ್ತೇವೆ.

2020ರ ಮಳೆಗಾಲವು ಮುಗಿಯುತ್ತಾ ಬಂದಿತ್ತು. ಮುಚ್ಚಿದ್ದ ಸಭಾಗೃಹಗಳು ಪುನಃ ತೆರೆದಿದ್ದವು. ನಮ್ಮ ಸಭೆಯ ಒಬ್ಬ ಸಹೋದರಿಯು ಅತ್ತಾವರದಲ್ಲಿ ರೋಗಿಗಳ ಕೋಣೆಗಳನ್ನು ಶುಚಿಮಾಡುವ ಕೆಲಸದಲ್ಲಿದ್ದಳು. ಅವಳಿಗೆ ಕೊರೋನಾ ಜಾಡ್ಯವು ತಗಲಿತು. ಕರ್ತನ ಕೃಪೆಯಿಂದ ಅವಳು ಗುಣಹೊಂದಿ, ವೈದ್ಯರು ಹೇಳಿದಷ್ಟು ದಿವಸ ಮನೆಯಲ್ಲಿ ಪ್ರತ್ಯೇಕವಾಗಿದ್ದಳು. ನಾವು ಆದಿತ್ಯವಾರದ ಆರಾಧನೆಯಲ್ಲಿ, ಸಭೆಯ ಕ್ಷೇಮಕ್ಕಾಗಿಯೇ ಎಂದು ಎಣಿಸಿ, ಇಂಥ ಮನೆಯಲ್ಲಿ ರೋಗವಿದೆ, ಯಾರೂ ಅಲ್ಲಿಗೆ ಹೋಗಬಾರದು ಎಂದು ಹೆಸರು ಹೇಳಿ ಪ್ರಕಟಿಸಿದೆವು. ಆ ಮಾತಿನಲ್ಲಿ ಸುಳ್ಳು ಇರಲಿಲ್ಲ, ಹಗೆಯೂ ಇರಲಿಲ್ಲ. ಆದರೆ ಆಮೇಲೆ ನಡೆದದ್ದನ್ನು ಕೇಳಿರಿ. ಬಾವಿಯ ಹಗ್ಗವನ್ನು ಆ ಮನೆಯವರು ಮುಟ್ಟಬಾರದೆಂದು ನೆರೆಯವರು ಅಂದರು. ಅವಳ ಅತ್ತೆಯು ಕಟ್ಟಿದ ಬೀಡಿಗಳನ್ನು ಬ್ರಾಂಚಿನಲ್ಲಿ ತೆಗೆದುಕೊಳ್ಳಲಿಲ್ಲ. ದಿನಗಳು ತೀರಿದವು, ರೋಗವು ಹೋಯಿತು. ಹಗ್ಗದ ನಿಷೇಧವು ಮಾತ್ರ ಹೋಗಲಿಲ್ಲ. ಸಭೆಯ ಹಿರಿಯರೊಬ್ಬರು ಒಂದು ದಿನ ನಮ್ಮ ಸಂಗಡ, "ಆ ಮನೆಯವರು ಮೊದಲಿನಿಂದಲೂ ಹಾಗೆಯೇ ಅಲ್ಲವೇ?" ಎಂದರು. ಮೊದಲಿನಿಂದಲೂ ಎಂಬ ಮಾತಿನ ಅರ್ಥವು ನಮಗೂ ತಿಳಿಯಿತು, ನಿಮಗೂ ತಿಳಿಯುವದು. ಆ ಮನೆಯವರ ಅಜ್ಜನು ದೀಕ್ಷಾಸ್ನಾನ ಹೊಂದುವ ಮುಂಚೆ ಯಾವ ಕುಲದವನಾಗಿದ್ದನೆಂಬದನ್ನು ನಾವು ಮರೆತೆವೆಂದು ಹೇಳಿಕೊಳ್ಳುತ್ತಿದ್ದೆವು; ಯಾರೂ ಮರೆತಿರಲಿಲ್ಲ. ಬೂದಿಯ ಕೆಳಗಿದ್ದ ಕೆಂಡವನ್ನು ನಮ್ಮ ಪ್ರಕಟನೆಯೇ ಊದಿತ್ತು.

ಕೆಲವು ವಾರಗಳ ತರುವಾಯ ನಾವು ಆ ಮನೆಗೆ ಹೋದಾಗ ಸಹೋದರಿಯು ನಮ್ಮನ್ನು ಬೈಯಲಿಲ್ಲ. ಒಂದೇ ಒಂದು ಮಾತು ಕೇಳಿದಳು: "ಅಯ್ಯನವರೇ, ರೋಗ ಬಂತೆಂದು ನೀವೇ ಎಲ್ಲರಿಗೂ ಹೇಳಿದಿರಿ. ಹೋಯಿತೆಂದು ಯಾರು ಹೇಳಬೇಕು?" ನಮಗೆ ಉತ್ತರ ಬರಲಿಲ್ಲ. ಮನೆಗೆ ಬಂದು ಯಾಜಕಕಾಂಡವನ್ನು ತೆರೆದೆವು.

ಆ ಪುಸ್ತಕದ 13ನೇ ಅಧ್ಯಾಯವನ್ನು ನಾವೆಲ್ಲರೂ ಬಲ್ಲೆವು. ಕುಷ್ಠದ ಗುರುತು ಕಂಡವನನ್ನು ಯಾಜಕನು ಪರೀಕ್ಷಿಸಬೇಕು, ಸಂದೇಹವಿದ್ದರೆ ಏಳು ದಿನ ಪ್ರತ್ಯೇಕವಾಗಿ ಇರಿಸಿ ಪುನಃ ನೋಡಬೇಕು, ರೋಗವು ನಿಜವಾದರೆ ಅವನು ಪಾಳೆಯದ ಹೊರಗೆ ವಾಸಿಸಬೇಕು ಎಂದು ಅದರಲ್ಲಿದೆ. ಆದರೆ ಅದರ ಮುಂದಿನ ಅಧ್ಯಾಯವನ್ನು ನಾವು ಎಷ್ಟು ಸಾರಿ ಓದಿದ್ದೇವೆ? ಗುಣವಾದವನನ್ನು ನೋಡುವದಕ್ಕೆ ಯಾಜಕನು ತಾನೇ ಪಾಳೆಯದ ಹೊರಗೆ ಹೋಗಬೇಕು, ಶುದ್ಧಿಯ ಕ್ರಮವನ್ನು ಎಲ್ಲರೂ ಅರಿಯುವಂತೆ ನಡಿಸಬೇಕು, ಆ ಮನುಷ್ಯನನ್ನು ತಿರಿಗಿ ಒಳಗೆ ತರಬೇಕು ಎಂಬದು 14ನೇ ಅಧ್ಯಾಯದ ವಿಧಿ. ಹೊರಗಿಡುವ ನಿಯಮಕ್ಕೆ ಒಂದು ಅಧ್ಯಾಯವಾದರೆ ಒಳಗೆ ಕರೆಯುವದಕ್ಕೂ ಒಂದು ಅಧ್ಯಾಯ. ನಾವು ಮೊದಲನೆಯದನ್ನು ಪೀಠದಿಂದ ಓದಿದೆವು; ಎರಡನೆಯದನ್ನು ಮುಚ್ಚಿಟ್ಟೆವು.

ಅರಣ್ಯಕಾಂಡದ 12ನೇ ಅಧ್ಯಾಯದಲ್ಲಿಯೂ ಇದಕ್ಕೆ ಒಪ್ಪುವ ಒಂದು ಸಂಗತಿಯಿದೆ. ಮೋಶೆಯ ಅಕ್ಕಳಾದ ಮಿರ್ಯಾಮಳು ಏಳು ದಿನ ಪಾಳೆಯದ ಹೊರಗೆ ಇರಿಸಲ್ಪಟ್ಟಳು. ಆ ಏಳು ದಿನ ಇಸ್ರಾಯೇಲ್ ಜನಾಂಗವು ಏನು ಮಾಡಿತು? ಅವಳನ್ನು ಬಿಟ್ಟು ಮುಂದಕ್ಕೆ ಹೊರಟಿತೋ? ಇಲ್ಲ. ಅವಳು ಒಳಗೆ ಬರುವ ತನಕ ಅಷ್ಟು ದೊಡ್ಡ ಜನಸಮೂಹವು ಪ್ರಯಾಣ ಮಾಡದೆ ಕಾದು ನಿಂತಿತು. ಹೊರಗಿದ್ದವಳು ತಮ್ಮವಳೇ ಎಂದು ತೋರಿಸುವದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಇನ್ನು ನಮ್ಮ ಸೀಮೆಯಲ್ಲಿ ನಡೆದದ್ದನ್ನು ಈ ಬೆಳಕಿನಲ್ಲಿ ನೋಡೋಣ. ರೋಗದ ನೆವದಿಂದ ಜನರನ್ನು ಗುರುತಿಸುವದು ಕೊರೋನಾದಿಂದ ಆರಂಭವಾದದ್ದಲ್ಲ. ಮುಂಬಯಿಯಲ್ಲಿ 1896ರಲ್ಲಿ ಪ್ಲೇಗು ಕಾಣಿಸಿದಾಗ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯು ಹುಟ್ಟಿತು. ಮನೆಗಳನ್ನು ಶೋಧಿಸುವದೂ ರೋಗಿಗಳನ್ನು ಬಲವಂತದಿಂದ ಒಯ್ಯುವದೂ ನಡೆದವು. ಜನರು ರೋಗಿಗಳನ್ನು ಅಡಗಿಸಿದರು. ಕುಷ್ಠರೋಗಿಗಳ ವಿಷಯದಲ್ಲಿ 1898ರಲ್ಲಿ ಆದ ಕಾಯಿದೆಯು ಬಡ ರೋಗಿಗಳನ್ನು ಹಿಡಿದು ಪ್ರತ್ಯೇಕಿಸುವದಕ್ಕೆ ಅಧಿಕಾರ ಕೊಟ್ಟಿತು. ಆ ರೋಗವನ್ನು ಪೂರ್ಣವಾಗಿ ಗುಣಪಡಿಸುವ ಔಷಧಗಳ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯವರು 1981ರಲ್ಲಿ ವಿಧಿಸಿದರು. ಆದರೂ ಆ ಕಾಯಿದೆಯು ರದ್ದಾದದ್ದು 2016ರಲ್ಲಿ. ಕುಷ್ಠವು ವಿವಾಹವಿಚ್ಛೇದನೆಗೆ ಕಾರಣವಾಗಬಹುದೆಂಬ ವಿಧಿಯು ತೆಗೆಯಲ್ಪಟ್ಟದ್ದು 2019ರಲ್ಲಿ. ಔಷಧವು ಬಂದು ಮೂವತ್ತೈದು ವರುಷಗಳಾದ ಮೇಲೆ ಕಾಯಿದೆಯು ಹೋಯಿತು. ಜನರ ಮನಸ್ಸಿನೊಳಗಿನ ಕಾಯಿದೆಯು ಇನ್ನೂ ಹೋಗಲಿಲ್ಲ. ಇಂಥವರಿಗಾಗಿ ಕಂಕನಾಡಿಯಲ್ಲಿ 1890ರಲ್ಲಿ ಆಶ್ರಮವನ್ನು ಕಟ್ಟಿದ ಪಾದ್ರಿ ಅಗಸ್ಟಸ್ ಮುಲ್ಲರರು ರೋಮನ್ ಸಭೆಯವರು. ಆದರೂ ಅವರ ಕೆಲಸವನ್ನು ನಾವು ಕೃತಜ್ಞತೆಯಿಂದ ನೆನಸಬೇಕು.

2020ರ ಮಾರ್ಚ್ ತಿಂಗಳಲ್ಲಿ ದೇಶವೆಲ್ಲಾ ಬಾಗಿಲು ಮುಚ್ಚಿತು. ಆಗ ಎಲ್ಲಾ ಗೋಡೆಗಳ ಮೇಲೆಯೂ ಎಲ್ಲಾ ಬಾಯಿಗಳಲ್ಲಿಯೂ "ಸಾಮಾಜಿಕ ಅಂತರ" ಎಂಬ ಮಾತು ಬಂತು. ವೈದ್ಯರ ಅಭಿಪ್ರಾಯವು ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗದಂತೆ ಕೆಲವು ಅಡಿ ದೂರ ನಿಲ್ಲಬೇಕೆಂಬದೇ. ಆದರೆ ನಮ್ಮ ತುಳುನಾಡಿನಲ್ಲಿ ಸಮಾಜದಿಂದ ದೂರ ನಿಲ್ಲಿಸಲ್ಪಟ್ಟವರ ಕಿವಿಗೆ ಆ ಎರಡು ಶಬ್ದಗಳು ಹೇಗೆ ಕೇಳಿದವೆಂದು ಯಾರಾದರೂ ಯೋಚಿಸಿದರೋ? ಕೊರಗರನ್ನು ಹೀನಾಯವಾಗಿ ನಡಿಸುವ ಅಜಲು ಪದ್ಧತಿಯನ್ನು ನಿಷೇಧಿಸುವದಕ್ಕೆ 2000ದಲ್ಲಿ ನಮ್ಮ ರಾಜ್ಯದಲ್ಲಿ ಒಂದು ಕಾಯಿದೆಯೇ ಬೇಕಾಯಿತು. ದೂರ ನಿಲ್ಲು, ಮುಟ್ಟಬೇಡ, ನೀರನ್ನು ಮೇಲಿನಿಂದ ಹೊಯ್ಯುತ್ತೇನೆ ಎಂಬ ಮಾತುಗಳು ಅಂಥವರಿಗೆ ಹೊಸವಲ್ಲ. ಹಳೆಯ ಹೊಲೆಯನ್ನು ನಂಬುವವರಿಗೆ ಹೊಸ ಶಬ್ದವು ಸಿಕ್ಕಿತು: ನಾವು ಮೊದಲು ಮಾಡುತ್ತಿದ್ದದ್ದೇ ಸರಿ, ಈಗ ಸರಕಾರವೂ ಅದನ್ನೇ ಹೇಳುತ್ತದೆ ಎಂದು ಹೇಳುವವರನ್ನು ನಾವು ಕಿವಿಯಾರೆ ಕೇಳಿದೆವು. ವಿಶ್ವ ಆರೋಗ್ಯ ಸಂಸ್ಥೆಯವರು ಅದೇ ಮಾರ್ಚ್ ತಿಂಗಳಲ್ಲಿ ದೈಹಿಕ ಅಂತರ ಎಂಬ ಮಾತನ್ನು ಬಳಸತೊಡಗಿದರು. ದೇಹಗಳು ದೂರವಿರಲಿ, ಮನುಷ್ಯರು ಹತ್ತಿರವಿರಲಿ ಎಂಬದೇ ಅದರ ಅಭಿಪ್ರಾಯ. ಆದರೆ ಮೊದಲು ಹೊರಟ ಮಾತು ಊರೂರನ್ನು ಮುಟ್ಟಿದ ಮೇಲೆ ತಿದ್ದುಪಡಿಯು ಯಾರ ಕಿವಿಯನ್ನು ಮುಟ್ಟೀತು?

ಅದೇ ಸಮಯದಲ್ಲಿ ದಿಲ್ಲಿಯ ನಿಜಾಮುದ್ದೀನಿನಲ್ಲಿ ನಡೆದ ತಬ್ಲೀಗಿನವರ ಕೂಟದಿಂದ ಅನೇಕರಿಗೆ ರೋಗವು ಹರಡಿತು. ಇದು ಸತ್ಯ, ಇದನ್ನು ಅಲ್ಲಗಳೆಯಬಾರದು. ಆದರೆ ಪ್ರತಿದಿನದ ಲೆಕ್ಕದಲ್ಲಿ ಆ ಕೂಟದ ಸಂಖ್ಯೆಯನ್ನು ಬೇರೆಯಾಗಿ ಹೇಳುತ್ತಾ ಬಂದದ್ದರಿಂದ, ಕೂಟಕ್ಕೆ ಹೋದ ಕೆಲವರ ರೋಗವು ಕೂಟವನ್ನೇ ನೋಡದ ಕೋಟ್ಯಂತರ ಮುಸಲ್ಮಾನರ ದೋಷವೆಂಬಂತೆ ಜನರು ಎಣಿಸಿದರು. ಮಂಗಳೂರಿನ ಹೊರವಲಯದ ಕೆಲವು ಕಡೆಗಳಲ್ಲಿ ಮುಸ್ಲಿಮ ವ್ಯಾಪಾರಿಗಳು ಬರಬಾರದೆಂಬ ಬರಹಗಳು ಕಾಣಿಸಿದವು. ಯಾವ ಜನಾಂಗಕ್ಕೂ ಸ್ಥಳಕ್ಕೂ ರೋಗದ ಹೆಸರನ್ನು ಅಂಟಿಸಬಾರದೆಂದು ಕೇಂದ್ರ ಆರೋಗ್ಯ ಇಲಾಖೆಯೇ 2020ರ ಎಪ್ರಿಲ್ 8ರಂದು ಬುದ್ಧಿ ಹೇಳಿತು. ಆ ಕೂಟಕ್ಕೆ ಬಂದಿದ್ದ ಪರದೇಶಿಗಳ ಮೇಲಿನ ಮೊಕದ್ದಮೆಗಳನ್ನು ಮುಂಬಯಿ ಹೈಕೋರ್ಟಿನ ಔರಂಗಾಬಾದ್ ಪೀಠವು ಅದೇ ವರುಷದ ಆಗಸ್ಟ್ 21ರಂದು ರದ್ದುಮಾಡಿ, ಅವರು ಪರರ ಪಾಪ ಹೊರುವ ಆಡಿನಂತೆ ಮಾಡಲ್ಪಟ್ಟರೆಂಬ ಅರ್ಥದಲ್ಲಿ ಮಾತಾಡಿತು. ಆ ಆಡಿನ ಸಂಗತಿಯು ಎಲ್ಲಿಂದ ಬಂತೆಂಬದು ಯಾಜಕಕಾಂಡದ 16ನೇ ಅಧ್ಯಾಯವನ್ನು ಓದಿದವರಿಗೆ ಹೇಳಬೇಕಾಗಿಲ್ಲ.

ನಾವು ಪರಮತದವರ ಮೇಲೆ ಮಾತ್ರ ಈ ಅನ್ಯಾಯವಾಯಿತೆಂದು ತಿಳಿಯಬಾರದು. ಕಾಸರಗೋಡಿನ ನಮ್ಮ ಕನ್ನಡದ ಜನರು ರೋಗ ಬಂದರೆ ತಲೆತಲಾಂತರದಿಂದ ಮಂಗಳೂರಿಗೇ ಬರುವರು. ಕೇರಳದಲ್ಲಿ ಆಗ ಹೆಚ್ಚು ಕೊರೋನಾ ರೋಗಿಗಳು ಆ ಜಿಲ್ಲೆಯಲ್ಲಿ ಇದ್ದದ್ದರಿಂದ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿಯನ್ನು ಮುಚ್ಚಿದರು; ಬೇರೆ ದಾರಿಗಳಿಗೆ ಮಣ್ಣು ಸುರಿದರು. ಕೊರೋನಾ ಇಲ್ಲದ ಹೃದ್ರೋಗಿಗಳೂ ಮೂತ್ರಪಿಂಡದ ರೋಗಿಗಳೂ ಬಾಣಂತಿಯರೂ ಗಡಿಯಲ್ಲಿ ತಡೆಯಲ್ಪಟ್ಟರು; ಸಮಯಕ್ಕೆ ಆಸ್ಪತ್ರೆಯನ್ನು ಮುಟ್ಟಲಾರದೆ ಹಲವರು ಸತ್ತರು. ಕೇರಳದ ಹೈಕೋರ್ಟಿನ ಆಜ್ಞೆಯೂ ಸುಪ್ರೀಂ ಕೋರ್ಟಿನ ವಿಚಾರಣೆಯೂ ಆದ ಮೇಲೆ ಎಪ್ರಿಲ್ ಮೊದಲನೇ ವಾರ ತೀರುವಾಗ ರೋಗಿಗಳಿಗೆ ದಾರಿಯಾಯಿತು. ಇದರಲ್ಲಿ ಅಧಿಕಾರಿಗಳ ಭಯವನ್ನು ನಾವು ತಾತ್ಸಾರ ಮಾಡುವದಿಲ್ಲ. ತಮ್ಮ ಜಿಲ್ಲೆಯ ಪ್ರಾಣಗಳಿಗೆ ಅವರು ಉತ್ತರ ಕೊಡಬೇಕಾಗಿತ್ತು. ಆದರೆ ಒಬ್ಬ ಮನುಷ್ಯನನ್ನು ಪರೀಕ್ಷಿಸದೆ ಇಡೀ ಒಂದು ಜಿಲ್ಲೆಯ ಹೆಸರನ್ನೇ ರೋಗವೆಂದು ತೀರ್ಪುಮಾಡಿದಾಗ, ಯಾಜಕನು ಚರ್ಮವನ್ನು ನೋಡದೆ ಊರನ್ನು ನೋಡಿ ಅಶುದ್ಧನೆಂದಂತಾಯಿತಲ್ಲವೇ?

ಸತ್ತವರೂ ಈ ಭಯದಿಂದ ತಪ್ಪಿಸಿಕೊಳ್ಳಲಿಲ್ಲ. ಎಪ್ರಿಲ್ 19ರಂದು ಮದ್ರಾಸಿನಲ್ಲಿ ವೈದ್ಯರಾದ ಸೈಮನ್ ಹರ್ಕ್ಯುಲಿಸರು ಕೊರೋನಾದಿಂದ ತೀರಿಹೋದರು. ಅವರ ಶವವನ್ನು ತಂದ ಆಂಬುಲೆನ್ಸಿನ ಮೇಲೆ ಜನರು ಕಲ್ಲು ಎಸೆದರು. ಕೊನೆಗೆ ಜೊತೆಯ ವೈದ್ಯರೊಬ್ಬರು ರಾತ್ರಿಯಲ್ಲಿ ತಾವೇ ಮಣ್ಣು ಎಳೆದು ಅವರನ್ನು ಹೂಳಬೇಕಾಯಿತು. ನಾಲ್ಕು ದಿನಗಳ ಮೇಲೆ ಮಂಗಳೂರಿನಲ್ಲಿ ತೀರಿಹೋದ ಬಂಟ್ವಾಳದ ಒಬ್ಬ ವೃದ್ಧೆಯ ದಹನಕ್ಕೆ ಪಚ್ಚನಾಡಿಯ ಜನರು ಎಡೆಗೊಡದೆ ಹೋದರು. ಕೊನೆಗೆ ಬಂಟ್ವಾಳದಲ್ಲಿಯೇ ದಹನವಾಯಿತು. ತಕ್ಕ ಎಚ್ಚರಿಕೆ ತೆಗೆದುಕೊಂಡರೆ ಶವದಿಂದ ಅಪಾಯವಿಲ್ಲವೆಂದು ಸರಕಾರದವರು ಮಾರ್ಚ್ ತಿಂಗಳಲ್ಲಿಯೇ ತಿಳಿಸಿದ್ದರು. ಭಯಪಡಿರಿ ಎಂಬ ಪ್ರಕಟನೆಯು ಮನೆಮನೆಗೆ ಮುಟ್ಟಿತ್ತು. ಇದಕ್ಕೆ ಭಯಪಡಬೇಡಿರಿ ಎಂಬ ಪ್ರಕಟನೆಯು ಕಾಗದದಲ್ಲಿಯೇ ಉಳಿದಿತ್ತು. ಮರುವರುಷ ಎರಡನೆಯ ಅಲೆಯಲ್ಲಿ ಮಕ್ಕಳೇ ತಂದೆಯ ಶವವನ್ನು ಮುಟ್ಟಲು ಅಂಜಿದಾಗ, ಯಾರು ಬರಬಾರದೆಂದು ಗೋಡೆಗಳಲ್ಲಿ ಬರೆದಿದ್ದರೋ ಆ ಮುಸ್ಲಿಮರ ಯುವಕರು ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಹಿಂದೂಗಳ ಶವಗಳಿಗೂ ಕ್ರೈಸ್ತರ ಶವಗಳಿಗೂ ಹೆಗಲು ಕೊಟ್ಟರು. ಲೂಕನ 10ನೇ ಅಧ್ಯಾಯದ ಸಮಾರ್ಯದವನು ಹಳೆಯ ಕಾಲದವನೆಂದು ಯಾರು ಹೇಳುವರು?

ಇಲ್ಲಿ ಕೆಲವರು ನಮಗೆ ಹೀಗೆ ಆಕ್ಷೇಪಿಸಬಹುದು: ಹಾಗಾದರೆ ಸತ್ಯವನ್ನು ಮುಚ್ಚಿಡಬೇಕೋ? ಒಂದು ಕೂಟದಿಂದ ರೋಗವು ಹರಡಿದರೆ ಹೇಳಬಾರದೋ? ಹೇಳಲೇಬೇಕು. ಇಂಥ ದಿನ ಇಂಥ ಸ್ಥಳದಲ್ಲಿ ಇದ್ದವರು ಬಂದು ಪರೀಕ್ಷಿಸಿಕೊಳ್ಳಿರೆಂದು ಹೇಳಿದರೆ ಬೇಕಾದವರಿಗೆ ಅದು ಮುಟ್ಟುವದು. ಅದರ ಮೇಲೆ ಅವರ ಮತವನ್ನೂ ಕುಲವನ್ನೂ ಕೂಡಿಸಿದರೆ ರೋಗಿಯನ್ನು ಹುಡುಕುವದಕ್ಕೆ ಏನೂ ಹೆಚ್ಚು ಸಹಾಯವಾಗುವದಿಲ್ಲ. ಹುಡುಕಲ್ಪಡುವವನು ಅಡಗುವದಕ್ಕೆ ಮಾತ್ರ ಕಾರಣವಾಗುವದು. ಅಡಗಿದ ರೋಗಿಯು ತಾನೂ ಕೆಡುವನು, ಊರನ್ನೂ ಕೆಡಿಸುವನು. ಆದದರಿಂದ ಪ್ರೀತಿಯನ್ನು ಬಿಟ್ಟ ಎಚ್ಚರಿಕೆಯು ಕೊನೆಗೆ ಎಚ್ಚರಿಕೆಯೂ ಆಗಿ ಉಳಿಯುವದಿಲ್ಲ.

ಇನ್ನೊಬ್ಬರು ಹೇಳಾರು: ಅಧಿಕಾರಿಗಳಿಗೆ ಅಧೀನರಾಗಿರಬೇಕೆಂದು ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯವು ಕಲಿಸುತ್ತದಲ್ಲಾ, ನೀವು ಅವರನ್ನು ತೂಗುವದೇನು? ಅಧೀನರಾಗಿರಬೇಕು ನಿಜ. ಮಾಸ್ಕು ಧರಿಸಿರೆಂದರೆ ಧರಿಸಬೇಕು, ಲಸಿಕೆ ಹಾಕಿಸಿಕೊಳ್ಳಿರೆಂದರೆ ಹಾಕಿಸಿಕೊಳ್ಳಬೇಕು, ಪ್ರತ್ಯೇಕವಾಗಿರೆಂದರೆ ಇರಬೇಕು. ಇವುಗಳಿಂದ ನೆರೆಯವನ ಪ್ರಾಣವು ಉಳಿಯುವದಾದ್ದರಿಂದ ಇವು ಪ್ರೀತಿಯ ಕ್ರಿಯೆಗಳೇ. ಆದರೆ ನೆರೆಯವನನ್ನು ಹಗೆಮಾಡಿರೆಂದು ಯಾವ ಅಧಿಕಾರಿಯೂ ಆಜ್ಞಾಪಿಸಲಿಲ್ಲ. ಅದನ್ನು ನಾವಾಗಿಯೇ ಕೂಡಿಸಿಕೊಂಡೆವು. ಬಾವಿಯ ಹಗ್ಗದ ವಿಷಯದಲ್ಲಿ ಜಿಲ್ಲಾಧಿಕಾರಿಯ ಸುತ್ತೋಲೆಯು ಎಲ್ಲಿತ್ತು?

ಹೀಗಿರುವಲ್ಲಿ ಆರೋಗ್ಯದ ನಿಯಮವು ನೀತಿಯುಳ್ಳದ್ದೋ ಅಲ್ಲವೋ ಎಂದು ತಿಳಿಯುವದಕ್ಕೆ ಮೋಶೆಯ ಆ ಎರಡು ಅಧ್ಯಾಯಗಳಿಂದ ನಾವು ನಾಲ್ಕು ಗುರುತುಗಳನ್ನು ಕಲಿತೆವು. ಮೊದಲನೆಯದು, ಅದು ರೋಗವನ್ನು ನೋಡಬೇಕು, ಕುಲವನ್ನು ನೋಡಬಾರದು. ಎರಡನೆಯದು, ಅದು ಎಲ್ಲರಿಗೂ ಒಂದೇ ಆಗಿರಬೇಕು. ಮೋಶೆಯ ಅಕ್ಕನಿಗೂ ಅದರಿಂದ ಬಿಡುಗಡೆಯಿರಲಿಲ್ಲ. ಮೂರನೆಯದು, ಅದಕ್ಕೆ ಒಂದು ಕೊನೆಯಿರಬೇಕು, ಆ ಕೊನೆಯನ್ನು ಆರಂಭದಷ್ಟೇ ಗಟ್ಟಿಯಾಗಿ ಸಾರಬೇಕು. ಕೊರೋನಾ ರೋಗಿಗಳ ಮನೆಗಳ ಮೇಲೆ ಅಂಟಿಸುತ್ತಿದ್ದ ಚೀಟಿಗಳ ವಿಷಯದಲ್ಲಿ, ಅಧಿಕಾರವುಳ್ಳವರ ವಿಶೇಷ ಆಜ್ಞೆಯಿಲ್ಲದೆ ಅಂಟಿಸಬಾರದೆಂದು ಸುಪ್ರೀಂ ಕೋರ್ಟು 2020ರ ದಶಂಬರ 9ರಂದು ಹೇಳಿತು; ಗೋಡೆಯ ಚೀಟಿಯನ್ನು ಕಿತ್ತರೂ ಮನಸ್ಸಿನ ಚೀಟಿಯು ಉಳಿಯುವದು. ನಾಲ್ಕನೆಯದು, ಹೊರಗಿಡಲ್ಪಟ್ಟವನ ಬಳಿಗೆ ಯಾರಾದರೂ ಹೋಗಬೇಕು. ಯಾಜಕನು ಒಳಗೇ ಕೂತು ತೀರ್ಪು ಹೇಳಲಿಲ್ಲ, ಹೊರಗೆ ಹೋದನು.

ಮಾರ್ಕನ ಸುವಾರ್ತೆಯ 1ನೇ ಅಧ್ಯಾಯದಲ್ಲಿ ನಮ್ಮ ಕರ್ತನ ಬಳಿಗೆ ಒಬ್ಬ ಕುಷ್ಠರೋಗಿಯು ಬಂದದ್ದನ್ನು ಓದುತ್ತೇವೆ. ಕರ್ತನು ಕೈಚಾಚಿ ಅವನನ್ನು ಮುಟ್ಟಿದನು. ಇದನ್ನು ನಾವು ಬಹಳ ಸಾರಿ ಸಾರಿದ್ದೇವೆ. ಆದರೆ ಗುಣವಾದ ಮೇಲೆ ಅವನನ್ನು ಯಾಜಕನ ಬಳಿಗೆ ಕಳುಹಿಸಿದ್ದನ್ನು ಅಷ್ಟಾಗಿ ಧ್ಯಾನಿಸಲಿಲ್ಲ. ಕರ್ತನು ಆರೋಗ್ಯದ ಕಟ್ಟಳೆಯನ್ನು ಹೀನೈಸಲಿಲ್ಲ. ಮುಟ್ಟಿ ಗುಣಮಾಡಿದ್ದರಿಂದ ಅವನ ಚರ್ಮವು ಶುದ್ಧವಾಯಿತು. ಆದರೆ ಊರವರ ಕಣ್ಣಿನಲ್ಲಿ ಅವನು ಶುದ್ಧನಾಗಬೇಕಾದರೆ ಸಾರ್ವಜನಿಕವಾದ ಒಂದು ಮಾತು ಬೇಕಾಗಿತ್ತು. ಆ ಮಾತನ್ನೂ ಅವನಿಗೆ ದೊರಕಿಸುವದು ಕರ್ತನ ಕರುಣೆಯಲ್ಲಿ ಸೇರಿತ್ತು.

ಸಭಿಕರೇ, ನಮ್ಮ ಪೂರ್ವಿಕರನ್ನು ನೆನಸಿರಿ. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದ ಮೇಲೆ ದೀಕ್ಷಾಸ್ನಾನ ಹೊಂದಿದವರಿಗೆ ಮನೆಯೂ ಬಾವಿಯೂ ಕಸುಬೂ ಇಲ್ಲದೆ ಹೋದವು. ಅದಕ್ಕಾಗಿಯೇ ನೆಯಿಗೆಯ ಶಾಲೆಗಳೂ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯೂ ಹುಟ್ಟಿದವು. ಅವರಿಗೆ ರೋಗವಿರಲಿಲ್ಲ, ಆದರೂ ಮುಟ್ಟಬಾರದವರಾದರು. ಅವರ ಮೊಮ್ಮಕ್ಕಳಾದ ನಾವು ಇನ್ನೊಬ್ಬರ ಕೈಯಿಂದ ಹಗ್ಗವನ್ನು ಕಿತ್ತುಕೊಳ್ಳುವದು ಹೇಗೆ?

ನಾವು ತಡಮಾಡಿ ಮಾಡಿದ್ದನ್ನು ಹೇಳಿ ಮುಗಿಸುತ್ತೇವೆ. ಆ ಸಹೋದರಿಯ ಅನುಮತಿಯನ್ನು ಕೇಳಿ, ಮುಂದಿನ ಆದಿತ್ಯವಾರ ಅದೇ ಪೀಠದಿಂದ, ಈ ಮನೆಯಲ್ಲಿ ರೋಗವು ತೀರಿ ಬಹಳ ದಿನಗಳಾದವು, ಇದನ್ನು ಆಗಲೇ ಹೇಳದೆ ಇದ್ದದ್ದು ನಮ್ಮ ತಪ್ಪು, ಸಭೆಯೂ ಆ ಮನೆಯವರೂ ನಮ್ಮನ್ನು ಕ್ಷಮಿಸಬೇಕು ಎಂದು ಹೇಳಿದೆವು. ಆರಾಧನೆ ಮುಗಿದ ಮೇಲೆ ಆ ಬಾವಿಗೆ ಹೋಗಿ, ಅವಳು ಸೇದಿಕೊಟ್ಟ ನೀರನ್ನು ಎಲ್ಲರ ಮುಂದೆ ಕುಡಿದೆವು. ಕೆಲವರು ಕುಡಿದರು, ಕೆಲವರು ನೋಡುತ್ತಾ ನಿಂತರು, ಆ ಹಿರಿಯರು ಬರಲೇ ಇಲ್ಲ. ಅವಳ ಅತ್ತೆಯ ಬೀಡಿಗಳನ್ನು ತೆಗೆದುಕೊಳ್ಳುವದಕ್ಕೆ ಇನ್ನೆರಡು ತಿಂಗಳುಗಳಾದವು. ಒಂದು ವಾಕ್ಯದಿಂದ ಕೆಟ್ಟದ್ದು ಒಂದು ವಾಕ್ಯದಿಂದ ಸರಿಯಾಗುವದಿಲ್ಲವೆಂಬದನ್ನು ನಾವು ಹೀಗೆ ಕಲಿತೆವು.

ರೋಗಗಳು ಇನ್ನೂ ಬರುವವು. ಆಗ ಸಭೆಯ ಮುಂದೆ ಪ್ರಕಟನೆಯನ್ನು ಓದುವ ಉಪದೇಶಿಗಳೂ, ಆಶಾ ಕಾರ್ಯಕರ್ತೆಯರಾದ ನಮ್ಮ ಸಹೋದರಿಯರೂ, ಪಂಚಾಯತಿಯಲ್ಲಿರುವ ನಮ್ಮ ಸಹೋದರರೂ ಬಾಯಿ ತೆರೆಯುವ ಮುಂಚೆ ಇದನ್ನು ನೆನಸಲಿ: ರೋಗಕ್ಕೆ ಅದರ ಹೆಸರನ್ನೇ ಇಡಿರಿ; ನೆರೆಯವನಿಗೆ ನೆರೆಯವನೆಂಬ ಹೆಸರನ್ನೇ ಉಳಿಸಿರಿ. ಹೊರಗೆ ಹೋಗಿರೆಂದು ಹೇಳುವ ದಿನವೇ, ಒಳಗೆ ಬನ್ನಿರೆಂದು ಹೇಳುವ ದಿನವನ್ನೂ ಗೊತ್ತುಮಾಡಿರಿ. ಪಾಳೆಯದ ಹೊರಗೆ ನಮಗಾಗಿ ಬಾಧೆಪಟ್ಟ ಕರ್ತನು ಹೊರಗೆ ಇರುವವರ ಬಳಿಗೆ ಹೋಗುವ ಕಾಲುಗಳನ್ನು ನಮಗೆ ಕೊಡಲಿ. ಆಮೆನ್.